ಹೊಳೆಗೆ ಬೆನ್ನು ಹಾಕಿ ಹೊಳೆ ಬರೆಯುವಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಹೆಂಗಸೊಬ್ಬರು ಹೊಳೆಯ ದಂಡೆಯ ಮರಕ್ಕೆ ಕನ್ನಡಿ ಕಟ್ಟುತ್ತಿದ್ದಾರೆ. ಕನ್ನಡಿ ಎಂದರೆ ಮನೆಯಲ್ಲಿ ತಲೆ ಬಾಚಿಕೊಳ್ಳುವಂಥದ್ದಲ್ಲ. ಕಟಿಂಗ್ ಶಾಪಿನ ಹಳೆಯ ಕನ್ನಡಿ, ಒಂದು ಮೂಲೆ ಒಡೆದದ್ದು, ಅಂಚಿನ ಲೇಪ ಕಿತ್ತು ಕಪ್ಪಗಾದದ್ದು. ದಾರ ಬಿಗಿದು, ಹಿಂದೆ ಸರಿದು, ತಲೆ ಓರೆ ಮಾಡಿ ನೋಡುತ್ತಾರೆ. ಸಮಾಧಾನವಾಗುವುದಿಲ್ಲ. ಮತ್ತೆ ಹೋಗಿ ಕನ್ನಡಿಯ ಅಡಿಗೆ ಚಪ್ಪಟೆ ಕಲ್ಲೊಂದನ್ನು ಸಿಕ್ಕಿಸುತ್ತಾರೆ. ಈಗ ಸರಿಹೋಯಿತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಹಲಗೆ ಇಟ್ಟು, ಹೊಳೆಗೆ ಬೆನ್ನು ಹಾಕಿ, ಕನ್ನಡಿಗೆ ಮುಖ ಮಾಡಿ ನಿಂತು ಹೊಳೆಯ ಚಿತ್ರ ಬರೆಯಲು ಶುರು ಮಾಡುತ್ತಾರೆ.

ನನಗೆ ತಡೆಯಲಾಗುವುದಿಲ್ಲ. "ಅಲ್ಲಮ್ಮ, ಹೊಳೆ ಹಿಂದೆ ಇದೆಯಲ್ಲ! ತಿರುಗಿ ನೋಡಿ ಬರೆದರೆ ಕತ್ತು ಉಳುಕುತ್ತಾ?"

"ಅಭ್ಯಾಸ ಆಗಿಬಿಟ್ಟಿದೆ ಸಾರ್," ಎನ್ನುತ್ತಾರೆ, ಕನ್ನಡಿಯಿಂದ ಕಣ್ಣು ಕೀಳದೆ. "ಈಗ ನೇರ ನೋಡಿ ಬರೆದ್ರೆ ಕೈಗೇ ದಾರಿ ಗೊತ್ತಾಗಲ್ಲ."

ಕುಂಚ ಹಲಗೆಯ ಮೇಲೆ ಓಡುತ್ತದೆ. ದಂಡೆ ಬರುತ್ತದೆ, ದಂಡೆಯ ಮೇಲಿನ ಸೀಳುಬಂಡೆ ಬರುತ್ತದೆ, ನೀರಿನ ಕಡೆ ಬಾಗಿದ ಮರ ಬರುತ್ತದೆ, ಅದರ ಹಿಂದೆ ಮಂಜಿನಲ್ಲಿ ಅರ್ಧ ಕರಗಿದ ಗುಡ್ಡ ಬರುತ್ತದೆ. ಆಕಾಶಕ್ಕೆ ಅವರು ತೆಗೆದುಕೊಳ್ಳುವುದು ಒಂದು ಒರಸು ಬಟ್ಟೆ, ಒಂದು ಹೆಬ್ಬೆರಳು, ಅಷ್ಟೆ. ಸೂರ್ಯ ಗುಡ್ಡ ದಾಟುವ ಹೊತ್ತಿಗೆ ಎಲ್ಲವೂ ಮುಗಿದಿದೆ. ನಡುವೆ ಹೊಳೆ ಇರಬೇಕಾದ ಜಾಗ ಮಾತ್ರ ಬೆಳ್ಳಗೆ ಹಾಗೇ ಉಳಿದಿದೆ. ಯಾರೋ ನೀರನ್ನಷ್ಟೇ ಕತ್ತರಿಸಿ ಎತ್ತಿಕೊಂಡು ಹೋದ ಹಾಗೆ.

"ನೀರು?"

"ನೀರು ಬರ್ತಿಲ್ಲ."

ಇನ್ನು ಕೇಳಬೇಡಿ ಎಂಬಂತೆ ಕುಂಚ ತೊಳೆದಿಟ್ಟು, ಮರಕ್ಕೆ ಒರಗಿಸಿದ್ದ ತೆಳ್ಳಗಿನ ಗಾಳದ ಕೋಲು ತೆಗೆದುಕೊಂಡು ನೀರಿಗಿಳಿಯುತ್ತಾರೆ. ದಾರ ಅವರ ಭುಜದ ಮೇಲಿಂದ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಮಡಚಿಕೊಂಡು, ಮುಂದಕ್ಕೆ ಬಿಚ್ಚಿಕೊಂಡು, ಬಂಡೆಯ ನೆರಳಿನ ಅಂಚಿಗೆ ಸದ್ದಿಲ್ಲದೆ ಇಳಿಯುತ್ತದೆ. ದಾರದ ತುದಿಯಲ್ಲಿ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿ ನೊಣ. ಅದು ನೀರಿನ ಮೇಲೆ ತೇಲುತ್ತಾ ಕೆಳಗೆ ಹೋಗುತ್ತದೆ. ಏನೂ ಆಗುವುದಿಲ್ಲ. ಮತ್ತೊಮ್ಮೆ ಎಸೆಯುತ್ತಾರೆ. ಏನೂ ಆಗುವುದಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿ ವಾಪಸು ಬಂದವರ ಹಾಗೆ ದಂಡೆ ಹತ್ತಿ ಬರುತ್ತಾರೆ.

"ಯಾರೂ ಇಲ್ಲ," ಎನ್ನುತ್ತಾರೆ.

ಆ ನೊಣವನ್ನು ನಾನು ಅಂಗೈಯಲ್ಲಿಟ್ಟು ನೋಡುತ್ತೇನೆ. ಅದರ ಕೊಕ್ಕೆಯ ಮೊನೆ ಮುರಿದಿದೆ. ಮುರಿದದ್ದಲ್ಲ, ಅವರೇ ಇಕ್ಕಳದಿಂದ ಮುರಿದು ಹಾಕಿರುವುದು. ಮೀನು ಕಚ್ಚಿದರೂ ಸಿಕ್ಕಿಕೊಳ್ಳಬಾರದು. ಇದೆಯೋ ಇಲ್ಲವೋ ಎಂದು ತಿಳಿದರೆ ಸಾಕು.

ಈ ಚಿತ್ರಗಾರ್ತಿಯ ಹೆಸರು ನೀವು ಕೇಳಿರುವುದಿಲ್ಲ. ಇವರ ಚಿತ್ರ ಯಾವ ಪ್ರದರ್ಶನದಲ್ಲೂ ಬಂದಿಲ್ಲ, ಯಾರೂ ಶಾಲು ಹೊದಿಸಿಲ್ಲ. ಬೆಳಗಿನ ಎರಡು ತಾಸು ಹೊಳೆ, ಆಮೇಲೆ ದಿನವಿಡೀ ಬಣ್ಣದ ಅಂಗಡಿ. ಅಂಗಡಿಯ ಕೌಂಟರಿನ ಹಿಂದೆ ನಿಂತು ಬಣ್ಣ ಬೆರೆಸಿ ಕೊಡುವುದು ಇವರ ನೌಕರಿ. ಜನ ಗೋಡೆಯಿಂದ ಕೆರೆದ ಚಕ್ಕೆ ತರುತ್ತಾರೆ, ಹಳೆಯ ಬಾಗಿಲ ಚೂರು ತರುತ್ತಾರೆ, ಒಬ್ಬ ಮಹಾನುಭಾವ ಮಗಳ ಹಾಲುಹಲ್ಲು ತಂದು ಇದೇ ಬಿಳಿ ಬೇಕು ಎಂದಿದ್ದನಂತೆ. ಇವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಡಬ್ಬಿ ತೆಗೆಯುತ್ತಾರೆ.

"ನಮ್ಮನೆಯವಳಿಗೆ ಇಷ್ಟ ಆಗೋ ಬಣ್ಣ ಕೊಡಿ ಅಂತ ಒಬ್ಬರು ಬಂದಿದ್ರು. ಅದು ಡಬ್ಬಿಯಲ್ಲಿ ಸಿಗಲ್ಲ ಅಣ್ಣ, ಅಕ್ಕನ್ನೇ ಕರ್ಕೊಂಡು ಬನ್ನಿ ಅಂದೆ."

ಕಿಟಕಿಯ ಸರಳಿಗೆ ಹಚ್ಚಲು ಬಣ್ಣ ಕೊಳ್ಳಲು ಹೋದಾಗಲೇ ನಾನು ಇವರನ್ನು ನೋಡಿದ್ದು. ಕೌಂಟರಿನ ಪಕ್ಕದ ಗೋಡೆಯಲ್ಲಿ, ಬ್ರಷ್ಷುಗಳ ಗೊಂಚಲಿನ ಹಿಂದೆ, ಒಂದು ಚಿಕ್ಕ ಚಿತ್ರ ನೇತಾಡುತ್ತಿತ್ತು: ನೀರು, ಕಲ್ಲು, ಬೆಳಗಿನ ಮಂಜು. ಕಲ್ಲಿನ ಅಡಿ ನೀರು ಕಪ್ಪಗಾಗುವ ಕಡೆ ಏನೋ ಇದೆ ಎನಿಸಿತು. ಹತ್ತಿರ ಹೋಗಿ ನೋಡಿದರೆ ಏನೂ ಇಲ್ಲ. ದೂರ ಬಂದರೆ ಮತ್ತೆ ಇದೆ. ಯಾರು ಬರೆದದ್ದು ಎಂದು ಕೇಳಿದೆ. ಬಣ್ಣ ಕಲಕುತ್ತಿದ್ದ ಇವರು ತಲೆ ಎತ್ತದೆ "ನಾನೇ" ಎಂದರು. ಒಳ್ಳೆಯ ಕೆಲಸ ಮಾಡಿದವರ ದನಿ ಅದಾಗಿರಲಿಲ್ಲ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ದನಿ. ಅದೇ ನನ್ನನ್ನು ಮತ್ತೆ ಮತ್ತೆ ಆ ಅಂಗಡಿಗೆ ಎಳೆದು ತಂದಿತು. ಪೇಪರಿಗೆ ಬರೆಯಲೆಂದು ನಾನು ಏನೇನು ಕೇಳಿದರೂ ಬಾಯಿ ಬಿಡದವರು ಕೊನೆಗೆ, "ಬೆಳಗ್ಗೆ ಹೊಳೆ ಹತ್ರ ಬನ್ನಿ, ನೋಡ್ಕೊಂಡು ನಿಮಗೇ ಏನನ್ಸುತ್ತೋ ಬರ್ಕೊಳ್ಳಿ" ಎಂದರು.

ಈಕೆಗೆ ಚಿತ್ರ ಯಾರೂ ಹೇಳಿಕೊಟ್ಟಿಲ್ಲ. ಗಾಳ ಹೇಳಿಕೊಟ್ಟವರು ಮಾವ, ಅಂದರೆ ಗಂಡನ ತಂದೆ. ಮಾವ ಕ್ಷೌರಿಕರು. ಬೀದಿಗೆ ಮುಖ ಮಾಡಿದ ಕೆಳಗಿನ ಕೋಣೆಯಲ್ಲಿ ಅವರ ಕಟಿಂಗ್ ಶಾಪ್, ಅದರ ಹಿಂದೆ ಮನೆ, ಮನೆಯ ಮೇಲೆ ಮಹಡಿಯಲ್ಲಿ ತಗಡಿನ ಸೂರಿನ ಒಂದು ಕೋಣೆ. ಆ ಕೋಣೆ ಸೊಸೆಯ ಚಿತ್ರಗಳದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಈಕೆ ಯಾರೊಡನೆಯೂ ಮಾತಾಡುತ್ತಿರಲಿಲ್ಲವಂತೆ. ಒಂದು ದಿನ ಮಾವ ಬಾಗಿಲಲ್ಲಿ ನಿಂತು, "ಏನಮ್ಮಾ, ಸುಮ್ಮನೆ ಕೂರೋಕೆ ನಿನಗೆ ಬರುತ್ತೆ. ಮೀನು ಹಿಡಿಯೋಕೆ ಬೇಕಾಗಿರೋದೂ ಅದೇ. ಬಾ" ಎಂದು ಕರೆದುಕೊಂಡು ಹೋದರು.

ಇಂಗ್ಲಿಷಿನಲ್ಲಿ ಫ್ಲೈ ಫಿಶಿಂಗ್ ಎನ್ನುವ ಈ ಆಟ ಮಾವನ ಬಾಯಲ್ಲಿ ನೊಣದ ಗಾಳ. ಎರೆಹುಳ ಸಿಕ್ಕಿಸಿ ಮುಳುಗಿಸಿ ಕಾಯುವುದಲ್ಲ. ಆ ಹೊತ್ತಿಗೆ ನೀರಿನ ಮೇಲೆ ಯಾವ ಹುಳ ಹಾರುತ್ತಿದೆ ಎಂದು ನೋಡಿ, ಅದರ ಹಾಗೇ ಕಾಣುವ ಹುಸಿ ನೊಣವನ್ನು ನೀರಿನ ಮೇಲೆ ಇಳಿಸಬೇಕು. ಮೀನು ಮೋಸ ಹೋಗಬೇಕು. ನೊಣ ಕಟ್ಟಲು ಬೇಕಾದ ಸರಕು ಮಾವನ ಅಂಗಡಿಯ ನೆಲದ ಮೇಲೆ ದಿನಾ ಬೀಳುತ್ತದೆ. ಯಾರ ಕೂದಲು ತೇಲುತ್ತದೆ, ಯಾರದು ಮುಳುಗುತ್ತದೆ ಎಂದು ಮಾವನಿಗೆ ಬಾಯಿಪಾಠ.

"ನಮ್ಮ ಮೇಷ್ಟ್ರ ನರೆಗೂದಲು ಬಹಳ ಒಳ್ಳೇದು ಸಾರ್," ಎಂದು ಸೊಸೆ ಮೊದಲ ಸಲ ನಗುತ್ತಾರೆ. "ಅವರ ಕ್ಲಾಸಿಗೆ ಮಕ್ಕಳು ಬರ್ತಿದ್ರೋ ಇಲ್ವೋ, ಅವರ ಕೂದಲಿಗೆ ಮೀನು ಮಾತ್ರ ಓಡೋಡಿ ಬರ್ತಿತ್ತು."

ಬಸ್ ಕಂಡಕ್ಟರ್ ಆಗಿರುವ ಗಂಡನಿಗೆ ಈ ಇಬ್ಬರ ಹುಚ್ಚು ಅಂಟಿಲ್ಲ. "ನಮ್ಮನೇಲಿ ಮೀನು ಹಿಡಿಯೋಕೆ ಬರದೇ ಇರೋನು ನಾನೊಬ್ಬನೇ. ಅದಕ್ಕೆ ತಿನ್ನೋ ಕೆಲಸ ನನಗೆ ವಹಿಸಿದ್ದಾರೆ," ಎನ್ನುತ್ತಾರೆ. "ಅದೂ ಎಷ್ಟು? ಅಪ್ಪನ ಲೆಕ್ಕ ಗೊತ್ತಲ್ಲ. ಮನೆಗೆ ಒಂದು, ಮಿಕ್ಕಿದ್ದೆಲ್ಲ ಮುತ್ತುಕೊಟ್ಟು ವಾಪಸ್ ಹೊಳೆಗೆ."

ಗಾಳ ಕಲಿತ ಮೇಲೆ ಈಕೆ ಚಿತ್ರಕ್ಕೆ ಕೈ ಹಾಕಿದ್ದು. ಮೀನಿಗಾಗಿ ನೀರು ನೋಡಿ ನೋಡಿ ನೀರೇ ಕಣ್ಣಿನಲ್ಲಿ ನಿಂತುಬಿಟ್ಟಿತಂತೆ. ಎಲ್ಲಿ ನೀರು ತಡೆದು ತಿರುಗುತ್ತದೆ, ಎಲ್ಲಿ ತೆಳುವಾಗಿ ಕಲ್ಲನ್ನು ಸವರುತ್ತದೆ, ಎಲ್ಲಿ ಸುಮ್ಮನಿದ್ದಂತೆ ನಟಿಸುತ್ತದೆ ಎಂದು ತಿಳಿಯದೆ ಹೊಳೆ ಬರೆದರೆ ಅದು ನೀಲಿ ಬಟ್ಟೆ ಹಾಸಿದ ಹಾಗಿರುತ್ತದೆ ಎನ್ನುತ್ತಾರೆ. ಇವರ ಯಾವ ಚಿತ್ರದಲ್ಲೂ ಮೀನು ಕಾಣುವುದಿಲ್ಲ. ಆದರೆ ಪ್ರತಿಯೊಂದರಲ್ಲೂ ಮೀನು ಇರುವ ಒಂದು ಜಾಗ ಇದೆ. ತೋರಿಸಿ ಎಂದರೆ ಬೆರಳಿಡುತ್ತಾರೆ: "ಇಲ್ಲಿದ್ದಾನೆ." ಮೀನು ಅವರಿಗೆ ಯಾವಾಗಲೂ ಅವನು.

ಚಿತ್ರ ಕೊಂಡವರು ಇಲ್ಲವೆಂದಲ್ಲ. ಒಬ್ಬ ಹೋಟೆಲಿನವನು ಬಂದು ಎಂಟು ಕೋಣೆಗೆ ಎಂಟು ಚಿತ್ರ ಬೇಕು, ಎಲ್ಲ ಒಂದೇ ಅಳತೆ, ಎಲ್ಲದರಲ್ಲೂ ಸೂರ್ಯ ಮುಳುಗುತ್ತಿರಬೇಕು ಎಂದನಂತೆ. ಬೆಳಗ್ಗೆ ಮಾತ್ರ ಹೊಳೆಗೆ ಹೋಗುವ ಈಕೆ, "ನಾನು ನೋಡಿರೋದು ಹುಟ್ಟೋ ಸೂರ್ಯನ್ನ ಮಾತ್ರ" ಎಂದರೆ, "ಅದನ್ನೇ ಬರೀರಮ್ಮ, ಹೋಟೆಲಿಗೆ ಬಂದವರಿಗೆ ಏನು ಗೊತ್ತಾಗುತ್ತೆ" ಎಂದನಂತೆ. ಸೋಫಾದ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಚಿತ್ರ ನೋಡುವ ಜನ ನಾವು. ಅಂಥ ನಮ್ಮ ನಡುವೆ ಈಕೆ ಇಷ್ಟು ವರ್ಷ ಬರೆದದ್ದೇ ದೊಡ್ಡದು.

ಇನ್ನು ಕನ್ನಡಿಯ ವಿಷಯ.

ಗಾಳ ಹಾಕುವವರಲ್ಲಿ ಒಂದು ಕಟ್ಟುಪಾಡು ಇದೆ. ಒಳ್ಳೆಯ ಮಡುವಿನ ಗುಟ್ಟು ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ "ನೀರಲ್ಲಿ" ಎನ್ನುತ್ತಾರೆ. ಮಾವನಿಗೂ ಒಂದು ಮಡು ಇತ್ತು. ಹೊಳೆ ತಿರುಗುವ ಕಡೆ, ಸೀಳುಬಂಡೆಯ ಅಡಿಯಲ್ಲಿ, ದಾರಿಯಿಂದ ಕಾಣದ ಹಾಗೆ ಬಾಗಿದ ಮರದ ಮರೆಯಲ್ಲಿ. ತಮ್ಮ ಮಗನಿಗೂ ತೋರಿಸಿರಲಿಲ್ಲ. ಸೊಸೆಗೆ ತೋರಿಸಿದರು. ತೋರಿಸುವಾಗ ಆಡಿದ್ದು ಒಂದೇ ಮಾತು, "ಬಾಯಿ ಬಿಡಬಾರದು."

"ನಾನು ಬಾಯಿ ಬಿಡೋದಿಲ್ಲ ಮಾವ, ಆದ್ರೆ ಇದನ್ನ ಒಂದ್ಸಲ ಬರೀಲಾ ಅಂತ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ, ಬರಿ, ಆದ್ರೆ ನೋಡಿದವರಿಗೆ ಗುರುತು ಸಿಗಬಾರದು ಅಂದ್ರು."

ಗುರುತು ಸಿಗದ ಹಾಗೆ ಬರೆಯುವುದು ಹೇಗೆ? ಬಂಡೆ ಇಲ್ಲದೆ ಆ ಮಡು ಇಲ್ಲ, ಮರ ಇಲ್ಲದೆ ಆ ನೆರಳಿಲ್ಲ. ಸುಳ್ಳು ಬಂಡೆ ಬರೆಯಲು ಕೈ ಬರಲಿಲ್ಲ. ಆಗ ಮಾವನ ಅಂಗಡಿಯಲ್ಲಿ ಒಡೆದು ಮೂಲೆ ಸೇರಿದ್ದ ಕನ್ನಡಿ ಕಣ್ಣಿಗೆ ಬಿತ್ತು. ಅದನ್ನು ಹೊತ್ತು ತಂದು ಮರಕ್ಕೆ ಕಟ್ಟಿ, ಹೊಳೆಗೆ ಬೆನ್ನು ಹಾಕಿ, ಕನ್ನಡಿಯಲ್ಲಿ ಕಂಡ ಹಾಗೆ ಬರೆದರು. ಎಡದ ಬಂಡೆ ಬಲಕ್ಕೆ ಹೋಯಿತು, ಬಲಕ್ಕೆ ಬಾಗಿದ ಮರ ಎಡಕ್ಕೆ ಬಾಗಿತು, ಹೊಳೆ ತಿರುಗಬಾರದ ಕಡೆಗೆ ತಿರುಗಿತು. ಒಂದು ಎಲೆಯೂ ಸುಳ್ಳಲ್ಲ. ಆದರೆ ಆ ದಂಡೆಯಲ್ಲೇ ಓಡಾಡಿದವನಿಗೂ ಎಲ್ಲಿ ಎಂದು ಹೊಳೆಯುವುದಿಲ್ಲ. ಅಂದಿನಿಂದ ಎಲ್ಲ ಹೊಳೆಯ ಚಿತ್ರಗಳನ್ನೂ ಹಾಗೆಯೇ ಬರೆಯುತ್ತಾ ಬಂದರು. ಮೀನಿಗೂ ಚಿತ್ರಕ್ಕೂ ಮೋಸವಾಗದ ಹಾಗೆ ಗಂಟು ಬಿಡಿಸಿಕೊಂಡೆ ಎಂದು ಒಳಗೊಳಗೇ ಹೆಮ್ಮೆಯಿತ್ತು.

ಆ ಮಡುವಿನ ಚಿತ್ರವನ್ನು ಮಾರಲಿಲ್ಲ. ಚೌಕಟ್ಟು ಹಾಕಿಸಿ ಮಾವನಿಗೆ ಕೊಟ್ಟರು. ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅಂದು ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲಿ ಕಾಯಬೇಕಾಯಿತು. ಆಮೇಲೆ ಚಿತ್ರವನ್ನು ಅಂಗಡಿಯ ಹಿಂಬದಿಯ ಗೋಡೆಗೆ, ಕುರ್ಚಿಯ ಬೆನ್ನಿಗೆ ಸರಿಯಾಗಿ, ತಾವೇ ಮೊಳೆ ಹೊಡೆದು ನೇತು ಹಾಕಿದರು. ಅಲ್ಲೇ ಅದು ಎರಡು ವರ್ಷ ಇತ್ತು.

ಹೋದ ಬೇಸಿಗೆಯ ಒಂದು ಬೆಳಗ್ಗೆ ಮಾವ ಸೊಸೆ ಎಂದಿನಂತೆ ಮಡುವಿಗೆ ಹೋದರು. ದೂರದಿಂದಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಬಾಗಿದ ಮರದ ಕೊಂಬೆ ಸರಿಸಿ ನೋಡಿದರೆ ಮಡು ತುಂಬ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿಕೊಂಡ ಮೀನುಗಳು. ಪೌಡರ್ ಸುರಿದವರು ದೊಡ್ಡವನ್ನು ಬಾಚಿಕೊಂಡು ಹೋಗಿದ್ದರು. ಉಳಿದದ್ದು ಬೆರಳುದ್ದದವು, ಮೊಟ್ಟೆ ತುಂಬಿದವು, ಯಾರಿಗೂ ಬೇಡವಾದವು. ದಂಡೆಯ ಮೇಲೆ ಖಾಲಿ ಚೀಲ, ಬಾಟಲಿ, ಒಂದು ಒಂಟಿ ಚಪ್ಪಲಿ.

"ಮಾವ ಒಂದು ಮೀನು ಎತ್ತಿ ನೋಡಿದ್ರು, ವಾಪಸ್ ನೀರಿಗೆ ಬಿಟ್ರು. ಬದುಕಿರೋದನ್ನ ಬಿಡೋ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಟ್ರು. ಅದು ಪಕ್ಕಕ್ಕೆ ವಾಲ್ಕೊಳ್ತು. ಆಮೇಲೆ ಕೋಲು ಮಡಚಿದ್ರು. ಮನೆ ತಲುಪೋವರೆಗೂ ಮಾತಿಲ್ಲ."

ಯಾರು ಮಾಡಿದ್ದು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಪಂಪ್ ರಿಪೇರಿ ಮಾಡುವ ಒಬ್ಬ ಮತ್ತು ಅವನ ಸ್ನೇಹಿತರು. ಅವನು ಮಾವನ ಅಂಗಡಿಯ ಹಳೆಯ ಗಿರಾಕಿ. ಹೊಳೆಯುದ್ದಕ್ಕೂ ಪಂಪು ನೋಡಲು ಓಡಾಡುವವನು. ಆದರೆ ಅವನಿಗೆ ಮಡು ತೋರಿಸಿದವರು ಯಾರು? ಈಕೆ ಯಾರ ಹತ್ತಿರವೂ ಉಸಿರೆತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಬಣ್ಣದ ಅಂಗಡಿಗೆ ರಜೆ ಇದ್ದ ಒಂದು ಮಧ್ಯಾಹ್ನ. ಮಾವನಿಗೆ ಟೀ ಕೊಡಲು ಅಂಗಡಿಗೆ ಹೋಗಿದ್ದರು. ಮಾವ ಇರಲಿಲ್ಲ, ಗಿರಾಕಿಗಳೂ ಇರಲಿಲ್ಲ. ಕಾಲು ನೋಯುತ್ತಿತ್ತು. ರಜೆ ಇದ್ದಾಗಲೆಲ್ಲ ಟೀ ಹಿಡಿದು ಬಾಗಿಲಿಗೆ ಬರುತ್ತಿದ್ದರೇ ಹೊರತು ಆ ಕುರ್ಚಿಯಲ್ಲಿ ಒಂದು ದಿನವೂ ಕೂತವರಲ್ಲ. ಗಂಡಸರ ಕುರ್ಚಿ. ಅಂದು ಯಾರೂ ಇಲ್ಲವೆಂದು ಕೂತರು. ತಲೆ ಎತ್ತಿ ಎದುರಿನ ಕನ್ನಡಿ ನೋಡಿದರು.

ಕನ್ನಡಿಯಲ್ಲಿ ಅವರ ಮುಖದ ಹಿಂದೆ ಮಡು ಇತ್ತು. ಬಂಡೆ ಎಡಕ್ಕೆ, ಮರ ಬಲಕ್ಕೆ, ಹೊಳೆ ತಿರುಗಬೇಕಾದ ಕಡೆಗೇ ತಿರುಗಿತ್ತು.

"ಕೈಲಿದ್ದ ಟೀ ಬಟ್ಟೆ ಮೇಲೆ ಚೆಲ್ತು ಸಾರ್. ಕನ್ನಡಿ ನೋಡಿ ತಿರುಗುಮುರುಗು ಬರೆದಿದ್ದೆ. ತಗೊಂಡು ಬಂದು ಇನ್ನೊಂದು ಕನ್ನಡಿ ಎದುರಿಗೇ ಕೊಟ್ಟಿದ್ದೆ. ಬಾಗಿಲಲ್ಲಿ ನಿಂತು ನೋಡೋಳಿಗೆ ಅದು ಸುಳ್ಳಾಗೇ ಕಾಣ್ತಿತ್ತು. ಕುರ್ಚೀಲಿ ಕೂತ ಪ್ರತಿಯೊಬ್ಬರಿಗೂ ನಿಜ ಕಾಣ್ತಿತ್ತು. ತಲೆ ಅಲ್ಲಾಡಿಸೋ ಹಾಗಿಲ್ಲ, ಬೇರೆ ಕಡೆ ನೋಡೋ ಹಾಗಿಲ್ಲ, ಕತ್ತಿನ ಹತ್ರ ಕತ್ತಿ. ಇನ್ನೇನು ನೋಡ್ತಾರೆ? ನಾನು ಬರೆದಿದ್ದನ್ನೇ ನೋಡ್ತಾರೆ. ಕ್ಷೌರದಂಗಡಿ ಸೊಸೆ ನಾನು. ಅಲ್ಲಿ ಕನ್ನಡಿ ಇರುತ್ತೆ ಅಂತ ನನಗೆ ಹೊಳೀಲಿಲ್ಲ ನೋಡಿ."

ಇಷ್ಟು ಹೇಳುವಾಗ ಅವರು ಒಮ್ಮೆಯೂ ನನ್ನ ಮುಖ ನೋಡುವುದಿಲ್ಲ. ಬೂಟಿನ ತುದಿಯಲ್ಲಿ ಮರಳು ಕೆದಕುತ್ತಾರೆ.

ನನಗೆ ಮೈ ಉರಿಯುತ್ತದೆ. ಆ ಪಂಪಿನವನ ಮನೆ ಎಲ್ಲಿ ಹೇಳಿ, ಈಗಲೇ ಹೋಗಿ ಕೇಳೋಣ ಎಂದು ಎದ್ದು ನಿಲ್ಲುತ್ತೇನೆ.

"ಬೇಡ ಸಾರ್. ಅವನನ್ನ ಬೈದು ನಾನು ಒಳ್ಳೆಯವಳಾಗೋದಾ? ದಾರಿ ತೋರಿಸಿದ್ದು ನನ್ನ ಚಿತ್ರ."

ಚಿತ್ರವನ್ನು ಅಂದೇ ಇಳಿಸಿ ಮಹಡಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿಟ್ಟರು. ಯಾಕೆ ಇಳಿಸಿದೆ ಎಂದು ಮಾವ ಕೇಳಲಿಲ್ಲ. ಈಕೆಯೂ ಹೇಳಲಿಲ್ಲ. ಅಂದಿನಿಂದ ಮಾವ ಗಾಳ ಮುಟ್ಟಿಲ್ಲ. ಪ್ರತಿ ಸಂಜೆ ಅಂಗಡಿ ಮುಚ್ಚಿ ಮಹಡಿ ಹತ್ತಿ, ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತು, ಆ ಬೆಳಗಿನ ಚಿತ್ರ ನೋಡಿ, "ಇವನು ಇಲ್ಲಿ ಇರೋದಿಲ್ಲಮ್ಮ, ಇನ್ನೊಂದು ಗೇಣು ಆಚೆ ಇರ್ತಾನೆ" ಎಂದು ತಕರಾರು ತೆಗೆಯುತ್ತಿದ್ದವರು ಈಗ ಮಹಡಿಯ ಮೆಟ್ಟಿಲ ಕಡೆ ಸುಳಿಯುವುದಿಲ್ಲ. ಊಟಕ್ಕೆ ಕೂತಾಗ ಉಪ್ಪು ಕೊಡು, ನೀರು ಕೊಡು, ಅಷ್ಟೇ ಮಾತು. ಗಂಡ ನಡುವೆ ಕೂತು ಬಸ್ಸಿನ ತಮಾಷೆ ಹೇಳುತ್ತಾರೆ. ಇಬ್ಬರೂ ಅವರಿಗಾಗಿ ನಗುತ್ತಾರೆ.

ಈಕೆ ಮಾತ್ರ ಬೆಳಗ್ಗೆ ಬರುವುದು ಬಿಟ್ಟಿಲ್ಲ. ದಂಡೆಯ ಮೇಲಿನ ಬಾಟಲಿಗಳನ್ನು ಹೆಕ್ಕಿದ್ದಾರೆ. ಮೀನು ಬಾಚುವಾಗ ಪಂಪಿನವರು ಉರುಳಿಸಿದ್ದ ಕಲ್ಲುಗಳನ್ನು, ತಮಗೆ ನೆನಪಿರುವ ಜಾಗಕ್ಕೆ, ಒಂದೊಂದಾಗಿ ತಂದಿಟ್ಟಿದ್ದಾರೆ. ಯಾವ ಕಲ್ಲು ಎಲ್ಲಿತ್ತು ಎಂದು ಅವರಿಗೆ ಮರೆಯುವ ಹಾಗೇ ಇಲ್ಲ. ಬರೆದವರಲ್ಲವೇ? ದಿನಾ ಚಿತ್ರ ಹಿಡಿಯುತ್ತಾರೆ, ನೀರಿನ ಹತ್ತಿರ ಬಂದು ಕೈ ನಿಲ್ಲುತ್ತದೆ.

"ನೀರು ಬರೆದ್ರೆ ಅವನು ಎಲ್ಲಿದ್ದಾನೆ ಅಂತ ಬರೀಬೇಕು. ಅಲ್ಲಿ ಯಾರೂ ಇಲ್ಲ. ಇಲ್ಲದೇ ಇರೋದನ್ನ ಇದೆ ಅಂತ ಬರೆಯೋಕೆ ನನಗೆ ಬರಲ್ಲ."

ಹಾಗಾದರೆ ನಿಮಗೆ ಬೇಕಾದದ್ದೇನು, ಮೀನು ಮತ್ತೆ ಬರಬೇಕೇ ಎಂದು ಕೇಳುತ್ತೇನೆ.

"ಮೀನು ಬರುತ್ತೆ ಸಾರ್. ಮೇಲಿನಿಂದ ನೀರು ಬರ್ತಿರೋವಾಗ ಇವತ್ತಲ್ಲ ನಾಳೆ ಮೀನು ಬಂದೇ ಬರುತ್ತೆ." ಕೋಲನ್ನು ಬಿಚ್ಚಿ ಚೀಲಕ್ಕೆ ತುಂಬುತ್ತಾರೆ. "ಮಾವ ನನ್ನ ಒಂದ್ಸಲ ಬೈಬೇಕು. ಬಾಯ್ತುಂಬ ಬೈಬೇಕು. ನಿನ್ನ ನಂಬಿ ತೋರಿಸಿದೆನಲ್ಲೇ ಅಂತ ನಾಲ್ಕು ಜನರ ಎದುರಿಗೇ ಬೈಲಿ. ಅವರು ಸುಮ್ಮನಿರೋದು ನೋಡೋಕಾಗ್ತಿಲ್ಲ. ಇಷ್ಟು ವರ್ಷದಲ್ಲಿ ಅವರು ನನಗೆ ಕೋಪ ಮಾಡ್ಕೊಂಡಿದ್ದೇ ಇಲ್ಲ. ಹೇಗೆ ಶುರು ಮಾಡಬೇಕು ಅಂತ ಅವರಿಗೆ ಗೊತ್ತಾಗ್ತಿಲ್ವೇನೋ."

ಬರವಣಿಗೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ಮನೆಯ ಮೆಟ್ಟಿಲ ಮೇಲೊಬ್ಬರು ಕೆಳಗೊಬ್ಬರು ಬಾಯಿಗೆ ಬೀಗ ಹಾಕಿಕೊಂಡು ಕೂತಿರುವುದನ್ನು ಸಹಿಸುವ ಗುಣ ನನ್ನದಲ್ಲ. ಅಂದೇ ಸಂಜೆ ಗಡ್ಡ ಮಾಡಿಸುವ ನೆಪ ಹೂಡಿ ಮಾವನ ಅಂಗಡಿಗೆ ಹೋದೆ.

ಚೊಕ್ಕಟವಾದ ಚಿಕ್ಕ ಅಂಗಡಿ. ಬಾಚಣಿಗೆಗಳು ಗಾಜಿನ ಲೋಟದಲ್ಲಿ ತಲೆಕೆಳಗಾಗಿ ನಿಂತಿವೆ. ಬಿಳಿ ಬಟ್ಟೆ ಒಗೆದು ಒಗೆದು ತೆಳ್ಳಗಾಗಿದೆ. ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿದೆ. ನನ್ನ ತಲೆಯ ಹಿಂದೆ, ಹಿಂಬದಿಯ ಗೋಡೆಯಲ್ಲಿ, ಚಿತ್ರವಿದ್ದ ಕಡೆ ಸುಣ್ಣ ಇನ್ನೂ ಬೆಳ್ಳಗೆ ಹೊಸದರಂತಿದೆ. ಮೊಳೆ ಹಾಗೇ ಇದೆ. ಮಾವ ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಅವರ ಬೆರಳುಗಳು ಕೆನ್ನೆಗೆ ತಾಕಿದ್ದೇ ಗೊತ್ತಾಗುವುದಿಲ್ಲ.

ನೊರೆ ಹಚ್ಚುವಾಗಲೇ ಹೇಳಿಬಿಟ್ಟೆ: ನಿಮ್ಮ ಸೊಸೆಯ ಬಗ್ಗೆ ಪೇಪರಿಗೆ ಬರೆಯುತ್ತಿದ್ದೇನೆ, ಬೆಳಗ್ಗೆ ಹೊಳೆಯ ಹತ್ತಿರ ಅವರ ಜೊತೆಗಿದ್ದೆ, ಎಲ್ಲ ಕೇಳಿದೆ, ಕನ್ನಡಿಯ ವಿಷಯವೂ ಕೇಳಿದೆ.

ಬ್ರಷ್ಷು ಕೆನ್ನೆಯ ಮೇಲೆ ನಿಂತಿತು.

"ಕನ್ನಡಿ ವಿಷಯ ಏನಂದ್ಲು?"

"ತಾನು ಅದನ್ನು ಮರೆತದ್ದರಿಂದಲೇ ಎಲ್ಲ ಹಾಳಾಯಿತು ಅಂತ. ನೀವು ತನ್ನ ಮೇಲೆ ಮುನಿಸಿಕೊಂಡಿದ್ದೀರಿ, ಅದಕ್ಕೇ ಮಾತಿಲ್ಲ ಅಂತ."

ಮಾವ ಬ್ರಷ್ಷನ್ನು ಬಟ್ಟಲಿನಲ್ಲಿಟ್ಟರು. ಬಾಗಿಲ ಕಡೆ ಹೋಗಿ ಪರದೆ ಎಳೆದು ಬಂದರು. ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ, ನನ್ನ ತಲೆಯ ಮೇಲಿಂದ ಆ ಮೊಳೆಯನ್ನು ನೋಡುತ್ತಾ ಮಾತಾಡಿದರು.

"ಅವಳು ಮರೆತಿರಬಹುದು ಸ್ವಾಮಿ. ನಾನು ಮರೆತಿರಲಿಲ್ಲ. ಹುಟ್ಟಿದಾಗಿನಿಂದ ಕನ್ನಡಿ ಮುಂದೆ ನಿಂತವನು ನಾನು. ಆ ಚಿತ್ರ ಕೈಗೆ ಬಂದಾಗ ಚೆಂದ ಇತ್ತು, ಆದ್ರೆ ನನ್ನ ಮಡು ಆಗಿರಲಿಲ್ಲ. ಹಾಗೇ ಹಿಡ್ಕೊಂಡು ಕನ್ನಡಿ ಕಡೆ ತಿರುಗಿದೆ. ಅಲ್ಲಿತ್ತು ನೋಡಿ! ಕಣ್ಣಲ್ಲಿ ನೀರು ಬಂತು. ಅದಕ್ಕೇ ಈ ಗೋಡೆಗೆ ಹಾಕಿದ್ದು. ಬೇರೆ ಮೂರು ಗೋಡೆ ಇದ್ವು. ಇದೇ ಗೋಡೆ ಬೇಕು ಅಂತ ಹಾಕಿದ್ದು. ಕತ್ತರಿ ಆಡಿಸ್ತಾ ತಲೆ ಎತ್ತಿದ್ರೆ ಸಾಕು, ನಾನು ಹೊಳೆ ಹತ್ರ ಇರ್ತಿದ್ದೆ. ಗಿರಾಕಿಗಳಿಗೆ ಏನು ತಿಳಿಯುತ್ತೆ, ಅವರು ಅವರ ಮುಖ ನೋಡ್ಕೋತಾರೆ ಅಂದ್ಕೊಂಡೆ. ನಿಜ ಅಂದ್ರೆ ಎಲ್ಲರೂ ಅವರವರ ಮುಖಾನೇ ನೋಡ್ಕೊಂಡ್ರು. ಎರಡು ವರ್ಷ ಒಬ್ಬನೂ ಆ ಚಿತ್ರ ನೋಡಲಿಲ್ಲ. ಅದೂ ನನಗೆ ಹೊಟ್ಟೆ ಉರೀತಿತ್ತು. ಇಷ್ಟು ಚೆನ್ನಾಗಿ ಬರೆದಿದ್ದಾಳೆ, ಒಬ್ಬನಾದ್ರೂ ಕಣ್ಣೆತ್ತಿ ನೋಡಬಾರದಾ?"

"ಪಂಪಿನವನು ನೋಡಿದ."

"ಅವನು ನೋಡಿದ." ಮಾವ ಕತ್ತಿಯನ್ನು ಕೈಗೆ ತೆಗೆದುಕೊಂಡು, ಹಾಗೇ ಕೆಳಗಿಟ್ಟರು. "ಗಡ್ಡ ಮುಗಿದ್ರೂ ಏಳಲಿಲ್ಲ. ಆ ಬಂಡೆ ಅಡಿ ನೀರು ಎಷ್ಟು ತಣ್ಣಗಿದೆಯಲ್ಲ ತಾತಾ ಅಂದ. ತಣ್ಣಗಿದೆ ಅಂದ ಸ್ವಾಮಿ, ಚಿತ್ರ ನೋಡಿ! ಆಮೇಲೆ, ಇದು ಹೊಳೆ ತಿರುಗೋ ಕಡೆ ಅಲ್ವಾ, ನಾನು ಪಂಪು ನೋಡೋಕೆ ಹೋಗಿದ್ದಾಗ ಈ ಬಂಡೆ ನೋಡಿದ್ದೀನಿ ಅಂದ. ಅಲ್ಲ ಅನ್ನಬಹುದಿತ್ತು. ಕ್ಯಾಲೆಂಡರ್ ನೋಡಿ ಬರೆದಿದ್ದು ಅನ್ನಬಹುದಿತ್ತು. ನಾಲಿಗೆ ತುದಿಗೇ ಬಂದಿತ್ತು. ಆದ್ರೆ ಅವಳ ಚಿತ್ರ ನೋಡಿದವನು ಅವನೊಬ್ಬನೇ. ಅವನ ಹೆಗಲು ತಟ್ಟಿ, ನಿನಗೊಬ್ಬನಿಗೆ ಕಣ್ಣಿದೆ ಕಣಪ್ಪ, ಬರೆದಿದ್ದು ನನ್ನ ಸೊಸೆ ಅಂದೆ. ಅವಳಿಗೆ ಬಾಯಿ ಬಿಡಬೇಡ ಅಂದಿದ್ದು ನಾನು. ಬಾಯಿ ಬಿಟ್ಟಿದ್ದೂ ನಾನು."

ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ನಾನು ದನಿ ಏರಿಸಿ ಕೇಳಿದೆ, ಇದನ್ನು ಆಕೆಗೆ ಹೇಳುವುದಕ್ಕೆ ನಿಮಗೇನು ಬಾಯಿ ಬಿದ್ದು ಹೋಗಿದೆಯೇ, ಆಕೆ ದಿನಾ ಹೊಳೆಯಲ್ಲಿ ಕಲ್ಲು ಹೊರುತ್ತಿದ್ದಾರೆ, ಗೊತ್ತೇ ಎಂದು.

"ಗೊತ್ತು. ಬೂಟಿನ ಮಣ್ಣು ನೋಡ್ತೀನಲ್ಲ." ಅವರ ದನಿ ಕುಗ್ಗಿತು. "ಹೇಳಬೇಕು ಅಂತ ದಿನಾ ಸಂಜೆ ಮೆಟ್ಟಿಲ ಹತ್ರ ಹೋಗ್ತೀನಿ. ಮೊದಲ ಮೆಟ್ಟಿಲ ಮೇಲೆ ಕಾಲಿಡ್ತೀನಿ. ಮುಖ ಎತ್ತೋಕಾಗಲ್ಲ. ಸತ್ತ ಮೀನು ನೋಡಿದಾಗಲೂ ಇಷ್ಟು ನಾಚಿಕೆ ಆಗಿರಲಿಲ್ಲ. ಅವಳು ಏನೂ ಅನ್ನದೆ ಚಿತ್ರ ಇಳಿಸ್ಕೊಂಡು ಹೋದಳಲ್ಲ, ಅವತ್ತೇ ಗೊತ್ತಾಗೋಯ್ತು, ತಪ್ಪು ಅವಳೇ ಹೊತ್ಕೊಂಡಿದ್ದಾಳೆ ಅಂತ. ಹೊತ್ಕೊಳ್ಳಲಿ ಅಂತ ಸುಮ್ಮನಿದ್ದೆ ನಾನು. ಅದು ಇನ್ನೂ ದೊಡ್ಡ ತಪ್ಪು."

ಇದನ್ನು ನಾನು ಬರೆಯಲೇ ಎಂದು ಕೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ.

ಮಾವ ಹೊಸದಾಗಿ ನೊರೆ ಕಲಕಿದರು. ನನ್ನ ಗಲ್ಲ ಎತ್ತಿ ಹಿಡಿದು, ಈ ಸಲ ಕತ್ತಿ ಓಡಿಸಿದರು. ಒಂದು ಕಡೆಯ ಕೆನ್ನೆ ಪೂರ್ತಿ ಮುಗಿಸಿ ಕತ್ತಿ ಒರೆಸಿದರು.

"ಬರೀರಿ," ಎಂದರು ಆಮೇಲೆ. "ಒಂದೂ ಬಿಡದೆ ಬರೀರಿ. ಈ ಬೀದೀಲಿ ಭಾನುವಾರದ ಪೇಪರ್ ಮೊದಲು ಬೀಳೋದು ನನ್ನ ಅಂಗಡಿಗೇ. ನಾನು ಓದಲ್ಲ. ಹಾಗೇ ಮಡಚಿ ತಗೊಂಡು ಮೇಲೆ ಹತ್ತಿ ಹೋಗಿ ಅವಳ ಕೈಗೆ ಕೊಡ್ತೀನಿ."

"ಆಮೇಲೆ?"

"ಅವಳು ಓದಿ ಮುಗಿಸೋವರೆಗೂ ಬಾಗಿಲಲ್ಲೇ ನಿಂತಿರ್ತೀನಿ. ಒಳಗೆ ಬನ್ನಿ ಮಾವ ಅಂದ್ರೆ ಹೋಗ್ತೀನಿ."